ಹಳೆ ಕಾರಿನ ಬ್ರೇಕ್ ಸವೆದಾಗ: ಮೂಲ ಹುಡುಕಿ ಮನೆಯಲ್ಲೇ ಸರಿಪಡಿಸುವುದು

ಮುಂದಿನ ಗಾಲಿಯಿಂದ ಕಿರ್ರ್ ಎಂದು ಸದ್ದು ಬಂದರೆ ಹೆಚ್ಚಿನವರು ಬ್ರೇಕಿಗೆ ಹೊಸ ಪ್ಯಾಡ್ (ಡಿಸ್ಕಿಗೆ ಉಜ್ಜಿ ಗಾಡಿ ನಿಲ್ಲಿಸುವ ತುಂಡು) ಹಾಕಿಸಿ ಸುಮ್ಮನಾಗುತ್ತಾರೆ. ಕೆಲವು ತಿಂಗಳಲ್ಲಿ ಅದೇ ಗಾಲಿಯಿಂದ ಅದೇ ಸದ್ದು ಮತ್ತೆ ಬರುತ್ತದೆ. ಪ್ಯಾಡ್ ಇರುವುದೇ ಸವೆಯಲಿಕ್ಕೆ, ಆದ್ದರಿಂದ ಅದು ಸವೆದದ್ದನ್ನು ದೋಷ ಎನ್ನಲಾಗದು. ಎಡಗಾಲಿಯದು ಬೇಗ ಸವೆದು ಬಲಗಾಲಿಯದು ಹಾಗೇ ಉಳಿದಿದ್ದರೆ, ಒಳಗಿನ ಪ್ಯಾಡ್ ತಗಡಿನಷ್ಟಾಗಿ ಹೊರಗಿನದು ದಪ್ಪವಾಗಿದ್ದರೆ, ಇಲ್ಲವೇ ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ದೋಷ ಬೇರೆಲ್ಲೋ ಇದೆ. ಹಳೆ ಪ್ಯಾಡನ್ನು ಎಸೆಯುವ ಮೊದಲು ಕೈಯಲ್ಲಿ ಹಿಡಿದು ಎರಡು ನಿಮಿಷ ನೋಡಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಈ ಬರಹದ ಬಹುಪಾಲು ಆ ಎರಡು ನಿಮಿಷದ ಬಗ್ಗೆಯೇ ಇದೆ.

ಇಲ್ಲಿ ಹೇಳುವುದು ಮುಂದೆ ಡಿಸ್ಕ್ (ಗಾಲಿಯ ಜೊತೆ ತಿರುಗುವ, ಎರಡೂ ಬದಿಯಿಂದ ಪ್ಯಾಡ್ ಒತ್ತುವ ತಟ್ಟೆ), ಹಿಂದೆ ಡ್ರಮ್ (ಒಳಗಿನಿಂದ ಶೂ ಎಂಬ ತುಂಡುಗಳು ಒತ್ತುವ ಡಬ್ಬಿಯಾಕಾರದ ಭಾಗ) ಇರುವ ಹಳೆಯ ಸಣ್ಣ ಕಾರುಗಳಿಗೆ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತರೂ ಊರೂರಲ್ಲಿ ಅದು ಇನ್ನೂ ಓಡುತ್ತಿದೆ. ಹಳೆಯ ಆಲ್ಟೊ, ಝೆನ್, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾಗಳ ಏರ್ಪಾಡೂ ಹೆಚ್ಚುಕಡಿಮೆ ಇದೇ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ಏರ್ಪಾಡು) ಇರುವ ಗಾಡಿಯಲ್ಲಿ ಪ್ಯಾಡ್ ಬದಲಿಸುವ ಕೆಲಸ ಇದೇ ರೀತಿ ಇದ್ದರೂ ಬ್ರೇಕ್ ಪೈಪಿನಿಂದ ಏರ್ ತೆಗೆಯುವ ಕ್ರಮ ಬೇರೆ. ಅದನ್ನು ಗ್ಯಾರೇಜಿಗೇ ಬಿಡಿ.

ಬಿಚ್ಚುವ ಮೊದಲು ಪೆಡಲ್

ಗಾಡಿ ನಿಂತಲ್ಲೇ, ಎಂಜಿನ್ ಆಫ್ ಮಾಡಿ ಶುರು ಮಾಡಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಕೊನೆಗೆ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿ ಸ್ವಲ್ಪ ಕೆಳಗಿಳಿದರೆ ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಕೆಲಸ ಮಾಡುತ್ತಿದೆ. ಕದಲದೆ ಕಲ್ಲಿನಂತೆ ನಿಂತರೆ ಎಂಜಿನ್ನಿಂದ ಬೂಸ್ಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಸೀಳಿದೆಯೇ, ಕಳಚಿದೆಯೇ ನೋಡಿ. ಎಷ್ಟು ಒತ್ತಿದರೂ ಗಾಡಿ ನಿಲ್ಲದೆ ಪೆಡಲ್ ಮಾತ್ರ ಗಟ್ಟಿಯಾಗಿದೆ ಎನ್ನುವ ದೂರಿಗೆ ಹಳೆ ಗಾಡಿಗಳಲ್ಲಿ ಈ ರಬ್ಬರ್ ಪೈಪೇ ಎಷ್ಟೋ ಸಲ ಕಾರಣ. ಇದು ಗೊತ್ತಿಲ್ಲದೆ ಪ್ಯಾಡ್ ಬದಲಿಸಿದರೆ ದುಡ್ಡು ದಂಡ.

ಎಂಜಿನ್ ಓಡುತ್ತಿರುವಾಗಲೇ ಪೆಡಲನ್ನು ಹದವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನಿಂತಲ್ಲಿ ನಿಲ್ಲದೆ ನಿಧಾನವಾಗಿ ತಳಕ್ಕೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ಗಾಲಿಗಳಿಗೆ ತಳ್ಳುವ ಭಾಗ) ಒಳಗಿನ ರಬ್ಬರ್ ಸೋತಿದೆ. ಈ ಎರಡರಲ್ಲಿ ಯಾವುದೇ ಆಗಲಿ, ಆ ಗಾಡಿಯನ್ನು ರಸ್ತೆಗೆ ತೆಗೆಯಬಾರದು.

ಪೆಡಲ್ ಮೆತ್ತಗೆ ಸ್ಪಂಜಿನಂತಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಮೊದಲ ಒತ್ತಿಗೆ ಆಳಕ್ಕೆ ಹೋಗಿ, ತಕ್ಷಣ ಎರಡನೇ ಸಲ ಒತ್ತಿದಾಗ ಮೇಲೇ ಗಟ್ಟಿಯಾಗಿ ಸಿಕ್ಕರೆ ನನ್ನ ಅನುಮಾನ ಮೊದಲು ಹೋಗುವುದು ಹಿಂದಿನ ಡ್ರಮ್‌ಗಳ ಮೇಲೆ. ಶೂ ಸವೆದು ಡ್ರಮ್ಮಿನಿಂದ ದೂರ ಸರಿದಿರುತ್ತದೆ, ಆ ಅಂತರ ತುಂಬಲಿಕ್ಕೇ ಮೊದಲ ಒತ್ತು ಖರ್ಚಾಗುತ್ತದೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ: ಹ್ಯಾಂಡ್ ಬ್ರೇಕನ್ನು ಎಳೆದಿಟ್ಟು ಪೆಡಲ್ ಒತ್ತಿ ನೋಡಿ. ಹ್ಯಾಂಡ್ ಬ್ರೇಕ್ ಹಾಕಿದಾಗ ಪೆಡಲ್ ಮೇಲೇ ಸಿಕ್ಕಿ, ಬಿಟ್ಟಾಗ ಮತ್ತೆ ಆಳಕ್ಕೆ ಹೋದರೆ ಹಿಂದಿನ ಶೂಗಳ ಅಡ್ಜಸ್ಟ್‌ಮೆಂಟ್ ಸಡಿಲವಾಗಿದೆ. ಇದನ್ನು ಮಾಡದೆ, ಗಾಳಿ ಇದೆ ಎಂದುಕೊಂಡು ಮತ್ತೆ ಮತ್ತೆ ಬ್ಲೀಡ್ ಮಾಡಿ (ಆಯಿಲ್ ಜೊತೆ ಗಾಳಿಯನ್ನು ಹೊರಗೆ ಬಿಟ್ಟು) ಬಾಟಲಿಗಟ್ಟಲೆ ಬ್ರೇಕ್ ಆಯಿಲ್ ಸುರಿಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ರಸ್ತೆಯಲ್ಲಿ ಕೇಳಿ ನೋಡುವುದು

ಪೆಡಲ್ ನಂಬುವಂತಿದ್ದರೆ ಮಾತ್ರ, ಜನ ಇಲ್ಲದ ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ಮಳೆ ಬಂದ ಮರುದಿನ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಸರಸರ ಎಂದು ಆಮೇಲೆ ನಿಂತುಹೋಗುವ ಸದ್ದು ಡಿಸ್ಕಿನ ಮೇಲ್ಮೈ ತುಕ್ಕಿನದು. ಕರಾವಳಿಯ ಉಪ್ಪುಗಾಳಿಯಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಇದು ತೀರಾ ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಹಗುರಾಗಿ ಒತ್ತಿದಾಗ ಬರುವ ಸಣ್ಣ ಕೀರಲು ಸದ್ದು ಪ್ಯಾಡ್ ಮುಗಿಯುತ್ತ ಬಂದಿದೆ ಎಂದು ಹೇಳುವ ತಗಡಿನದಿರಬಹುದು, ಪ್ಯಾಡ್ ಗಾಜಿನಂತೆ ನುಣುಪಾಗಿರುವುದರಿಂದಲೂ ಬರಬಹುದು. ಗರಗರ ಎಂದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದಾದರೆ ಪ್ಯಾಡ್ ಮುಗಿದು ಅದರ ಹಿಂದಿನ ಪ್ಲೇಟ್ ಡಿಸ್ಕನ್ನು ಕೆರೆಯುತ್ತಿದೆ. ಅಲ್ಲಿಂದಲೇ ವಾಪಸಾಗಿ.

ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಎಳೆದರೆ ಹೆಚ್ಚಿನವರು ಎಡಗಾಲಿಯನ್ನೇ ಬಿಚ್ಚುತ್ತಾರೆ. ಆದರೆ ಗಾಡಿ ಎಳೆಯುವುದು ಹೆಚ್ಚು ಹಿಡಿಯುವ ಗಾಲಿಯ ಕಡೆಗೆ. ಎಡಗಾಲಿ ಸರಿಯಾಗಿಯೇ ಹಿಡಿಯುತ್ತಿದ್ದು, ಬಲಗಾಲಿಯಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಜಾಮ್ ಆಗಿ ಹಿಡಿಯದೇ ಇರುವುದೂ ಅಷ್ಟೇ ಸಾಧ್ಯ. ಆದ್ದರಿಂದ ಎರಡೂ ಕಡೆ ಬಿಚ್ಚಿ ನೋಡಲೇಬೇಕು. ಬ್ರೇಕ್ ಒತ್ತದಿದ್ದಾಗಲೂ ಎಳೆಯುತ್ತಿದ್ದರೆ ಟಯರ್ ಗಾಳಿ, ಅಲೈನ್‌ಮೆಂಟ್ ಕಡೆ ಮೊದಲು ನೋಡಿ. ಯಾವುದೋ ಗಾಲಿ ಸದಾ ಹಿಡಿದುಕೊಂಡೇ ಇರುವುದರಿಂದಲೂ ಹೀಗಾಗುತ್ತದೆ.

ಸುತ್ತು ಮುಗಿಸಿ ಬಂದ ಕೂಡಲೇ ನಾಲ್ಕೂ ಗಾಲಿಗಳ ಬಳಿ ಅಂಗೈ ಹಿಡಿದು ಬಿಸಿ ಹೋಲಿಸಿ. ಡಿಸ್ಕನ್ನಾಗಲಿ ಡ್ರಮ್ಮನ್ನಾಗಲಿ ಮುಟ್ಟಬೇಡಿ, ಸುಡುತ್ತದೆ. ಒಂದು ಮುಂಗಾಲಿ ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಇತ್ತೀಚೆಗೆ ಮೈಲೇಜ್ ಕಡಿಮೆ ಬರುತ್ತಿದೆ ಎಂದು ಅನಿಸಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು.

ಘಾಟಿಯಲ್ಲಿ ಕಾಣುವ ದೋಷಗಳದು ಬೇರೆ ಲೆಕ್ಕ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಪೆಡಲ್ ಗಟ್ಟಿಯಾಗಿಯೇ ಇದ್ದು, ಸುಟ್ಟ ವಾಸನೆ ಬಂದು, ಗಾಡಿ ನಿಲ್ಲಲು ತಡವಾದರೆ ಪ್ಯಾಡ್ ಅತಿಯಾಗಿ ಕಾದಿದೆ. ಪೆಡಲ್ಲೇ ಮೆತ್ತಗಾಗಿ ಆಳಕ್ಕಿಳಿದು, ತಣ್ಣಗಾದ ಮೇಲೆ ಮತ್ತೆ ಸರಿಯಾದರೆ ಬ್ರೇಕ್ ಆಯಿಲ್ ಕುದಿದಿದೆ. ಹಳೆಯ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ, ಹಾಗಾದಾಗ ಅದು ಕುದಿಯುವ ಮಟ್ಟ ಇಳಿಯುತ್ತದೆ. ಮೊದಲನೆಯದಕ್ಕೆ ಮದ್ದು ಎರಡನೇ ಗೇರಿನಲ್ಲಿ ಇಳಿಯುವುದು ಮತ್ತು ಒಳ್ಳೆಯ ಪ್ಯಾಡ್. ಎರಡನೆಯದಕ್ಕೆ ಆಯಿಲ್ಲನ್ನೇ ಪೂರ್ತಿ ಬದಲಿಸಬೇಕು.

ಎತ್ತಿ ನಿಲ್ಲಿಸುವುದು

ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ. ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಬಿಚ್ಚಿದ ಗಾಲಿಯನ್ನು ಗಾಡಿಯಡಿ ಮಲಗಿಸಿ ಇಟ್ಟುಕೊಂಡೇ ಕೆಲಸ ಮಾಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಅವು ಸೂಚನೆ ಕೊಡದೆ ಒಡೆಯುತ್ತವೆ. ಮಣ್ಣಿನ ಅಂಗಳವಾದರೆ ಜಾಕ್ ಮತ್ತು ಸ್ಟ್ಯಾಂಡ್ ಎರಡರ ಕೆಳಗೂ ದಪ್ಪ ಹಲಗೆ ಇರಲಿ. ಗಾಲಿಯ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ. ಮುಂದೆ ಎತ್ತುವಾಗ ಹಿಂದಿನ ಗಾಲಿಗಳಿಗೆ ಅಡ್ಡ ಕೊಡಿ. ಹಿಂದೆ ಎತ್ತುವಾಗ ಹ್ಯಾಂಡ್ ಬ್ರೇಕ್ ಬಿಟ್ಟಿರಲೇಬೇಕು, ಆದ್ದರಿಂದ ಮುಂದಿನ ಗಾಲಿಗಳಿಗೆ ಎರಡೂ ಬದಿ ಅಡ್ಡ ಕೊಡುವುದು ಇನ್ನೂ ಮುಖ್ಯ.

ಧೂಳಿನ ವಿಚಾರ. ಹಳೆ ಪ್ಯಾಡ್, ಶೂಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದಾಗ ಬರುವ ಕಪ್ಪು ಪುಡಿಯನ್ನು ಬಾಯಿಂದ ಊದುವುದು, ಕಂಪ್ರೆಸರ್ ಗಾಳಿ ಹಿಡಿಯುವುದು ಬೇಡವೇ ಬೇಡ. ಸೋಪು ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಮೂಗಿಗೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ.

ಮುಂದಿನ ಗಾಲಿ: ಹಳೆ ಪ್ಯಾಡ್ ಹೇಳುವ ಕಥೆ

ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ, ಪಿಸ್ಟನ್ ಇರುವ ಕ್ಯಾಲಿಪರಿನ ಕೆಳಗಿನ ಪಿನ್ ಬೋಲ್ಟ್ ಬಿಚ್ಚಿದರೆ ಹೆಚ್ಚಿನ ಗಾಡಿಗಳಲ್ಲಿ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ತೆಗೆಯಬೇಕಾದರೆ ತಂತಿ ಹಾಕಿ ಸ್ಪ್ರಿಂಗಿಗೆ ನೇತುಹಾಕಿ, ರಬ್ಬರ್ ಹೋಸಿನ ಮೇಲೆ ಅದರ ಭಾರ ಬೀಳಬಾರದು. ಎರಡೂ ಪ್ಯಾಡ್ ಈಚೆ ತೆಗೆದು, ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಗುರುತು ಹಾಕಿಡಿ. ಉಜ್ಜುವ ಪದರ 3 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಿ.

ಈಗ ಹೋಲಿಸಿ. ಪಿಸ್ಟನ್ ಕಡೆಯ ಒಳ ಪ್ಯಾಡ್ ಮಾತ್ರ ಹೆಚ್ಚು ಸವೆದಿದ್ದರೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ, ಇಲ್ಲವೇ ಪಿನ್ ಜಾಮ್ ಆಗಿ ಕ್ಯಾಲಿಪರ್ ಜಾರದೆ ಎಲ್ಲ ಕೆಲಸವೂ ಒಳ ಪ್ಯಾಡಿನ ಮೇಲೇ ಬೀಳುತ್ತಿದೆ. ಹೊರ ಪ್ಯಾಡ್ ಹೆಚ್ಚು ಸವೆದಿದ್ದರೆ ಬೇರೆ ಯೋಚನೆ ಬೇಡ, ಸ್ಲೈಡ್ ಪಿನ್‌ಗಳನ್ನು ನೋಡಿ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಹಿಡಿದುಕೊಂಡಿದೆ, ಅಥವಾ ಪ್ಯಾಡ್ ಕೂರುವ ಜಾಗದಲ್ಲಿ ತುಕ್ಕು ಕಟ್ಟಿ ಪ್ಯಾಡ್ ಸಿಕ್ಕಿಹಾಕಿಕೊಂಡಿದೆ. ಒಂದು ಗಾಲಿಯ ಎರಡೂ ಪ್ಯಾಡ್ ಸಮನಾಗಿ ಸವೆದು, ಎದುರು ಗಾಲಿಯವು ಹೊಸದರಂತಿದ್ದರೆ ಸವೆದ ಕಡೆ ಬ್ರೇಕ್ ಬಿಡುತ್ತಿಲ್ಲ, ಅಥವಾ ಎದುರು ಕಡೆ ಹಿಡಿಯುತ್ತಿಲ್ಲ.

ಬ್ರೇಕ್ ಬಿಡುತ್ತಿಲ್ಲ ಎಂದಾದರೆ ಮೂಲ ಹುಡುಕುವ ಕ್ರಮ ಹೀಗೆ. ಇದನ್ನು ಕ್ಯಾಲಿಪರ್ ಬಿಚ್ಚುವ ಮೊದಲೇ ಮಾಡಬೇಕು. ಗಾಲಿ ಎತ್ತಿದ ಸ್ಥಿತಿಯಲ್ಲಿ ಒಬ್ಬರು ಪೆಡಲ್ ಒತ್ತಿ ಬಿಡಲಿ, ನೀವು ಗಾಲಿಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗೇ ಉಳಿದರೆ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲನ್ನು (ಗಾಳಿ, ಆಯಿಲ್ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಚಿರ್ರನೆ ಆಯಿಲ್ ಚಿಮ್ಮಿ ಗಾಲಿ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ಒಂದೇ ಗಾಲಿಯಲ್ಲಿ ಹೀಗಾದರೆ ತಪ್ಪಿತಸ್ಥ ಹೆಚ್ಚಾಗಿ ರಬ್ಬರ್ ಹೋಸ್. ಹೊರಗೆ ಚೆನ್ನಾಗಿಯೇ ಕಂಡರೂ ಒಳಪದರ ಊದಿ, ಒತ್ತಿದಾಗ ಆಯಿಲ್ಲನ್ನು ಹೋಗಲು ಬಿಟ್ಟು, ವಾಪಸ್ ಬರಲು ಬಿಡುವುದಿಲ್ಲ. ಎರಡೂ ಮುಂಗಾಲಿಗಳಲ್ಲಿ ಹೀಗಾದರೆ ಮಾಸ್ಟರ್ ಸಿಲಿಂಡರ್ ಕಡೆ, ಪೆಡಲಿಗೆ ಇರಬೇಕಾದ ಸ್ವಲ್ಪ ಸಡಿಲು ಇದೆಯೇ ಎಂಬ ಕಡೆ ನೋಡಬೇಕು. ನಿಪ್ಪಲ್ ಸಡಿಲಿಸಿದರೂ ಗಾಲಿ ಬಿಗಿಯಾಗೇ ಇದ್ದರೆ ಆಗ ಪಿಸ್ಟನ್ ಅಥವಾ ಪಿನ್ ಜಾಮ್. ಈ ಒಂದು ಪರೀಕ್ಷೆ ಮಾಡದೆ ಬಿಚ್ಚಿದರೆ ಹೋಸಿನ ದೋಷಕ್ಕೆ ಕ್ಯಾಲಿಪರ್ ಬದಲಿಸುವ ಹಾಗಾಗುತ್ತದೆ.

ಪಿನ್‌ಗಳನ್ನು ಎಳೆದು ತೆಗೆದು ಒಣಗಿದ ಗ್ರೀಸ್ ಒರೆಸಿ, ತುಕ್ಕಿದ್ದರೆ ನುಣುಪಾದ ಎಮರಿ ಕಾಗದದಿಂದ ತಿಕ್ಕಿ. ಗುಳಿ ಬಿದ್ದಿದ್ದರೆ ಹೊಸ ಪಿನ್ ಹಾಕಿ. ಹಚ್ಚಬೇಕಾದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್, ಅದೂ ತೆಳ್ಳಗೆ. ಚಾಸಿಗೆ ಹೊಡೆಯುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ರಬ್ಬರ್ ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ನಿಂದ ತೊಳೆಯಬಾರದು ಎನ್ನುವುದಕ್ಕೂ ಕಾರಣ ಇದೇ.

ಪಿಸ್ಟನ್ ಒಳಗೆ ತಳ್ಳುವ ಮೊದಲು ಬಾನೆಟ್ ಎತ್ತಿ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಡಬ್ಬಿಯ ಮಟ್ಟ ತಾನಾಗಿ ಇಳಿಯುತ್ತದೆ. ನಡುವೆ ಯಾರೋ ಮೇಲಿನವರೆಗೆ ತುಂಬಿಸಿದ್ದರೆ ಪಿಸ್ಟನ್ ತಳ್ಳಿದಾಗ ಉಕ್ಕಿ ಹೊರಬಂದು ಪೇಂಟ್ ಕಿತ್ತುಬರುತ್ತದೆ. ಸಿರಿಂಜಿನಿಂದ ಸ್ವಲ್ಪ ತೆಗೆದುಬಿಡಿ, ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಹಳೆ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ತಿರುಗಿಸುತ್ತ ಒತ್ತಿ. ಸರಾಗವಾಗಿ ಹೋದರೆ ಸರಿ. ತಡೆತಡೆದು ಹೋದರೆ, ಇಲ್ಲವೇ ಸುತ್ತಲಿನ ಡಸ್ಟ್ ಬೂಟ್ ಹರಿದು ಪಿಸ್ಟನ್ ಮೇಲೆ ತುಕ್ಕು ಕಂಡರೆ ರಬ್ಬರ್ ಕಿಟ್ ಹಾಕಬೇಕು. ಪಿಸ್ಟನ್ ಮೈಯಲ್ಲಿ ಗುಳಿ ಬಿದ್ದಿದ್ದರೆ ಕಿಟ್ ಹಾಕಿಯೂ ಉಪಯೋಗವಿಲ್ಲ, ಪಿಸ್ಟನ್ ಅಥವಾ ಇಡೀ ಕ್ಯಾಲಿಪರ್ ಬದಲಿಸಿ.

ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೆತ್ತಿರುತ್ತಾರೆ. ಅಂಚಿನಲ್ಲಿ ಸವೆಯದೆ ಉಳಿದ ಏಣು ಅಳತೆ ತಪ್ಪಿಸುತ್ತದೆ, ಆದ್ದರಿಂದ ವರ್ನಿಯರ್ ಅಥವಾ ಮೈಕ್ರೋಮೀಟರನ್ನು ಒಳಗೆ ಹಿಡಿದು ನಾಲ್ಕೈದು ಕಡೆ ಅಳೆಯಿರಿ. ಬ್ರೇಕ್ ಒತ್ತಿದಾಗ ಪೆಡಲ್ ಮಿಡಿಯುತ್ತಿದ್ದರೆ ದಪ್ಪ ಎಲ್ಲೆಡೆ ಒಂದೇ ಇಲ್ಲ, ಅಥವಾ ಡಿಸ್ಕ್ ಓಲಾಡುತ್ತಿದೆ. ಲೇತಿಗೆ ಕೊಡುವ ಮೊದಲು ಡಿಸ್ಕ್ ಮತ್ತು ಹಬ್ ಕೂಡುವ ಜಾಗದ ತುಕ್ಕನ್ನು ವೈರ್ ಬ್ರಷ್ಷಿನಿಂದ ತೆಗೆದು ಮತ್ತೆ ಕೂರಿಸಿ ನೋಡಿ. ಅಲ್ಲಿ ಒಂದು ಚಕ್ಕೆ ತುಕ್ಕು ಕೂತಿದ್ದರೂ ಡಿಸ್ಕ್ ಓಲಾಡುತ್ತದೆ.

ಹೊಸ ಪ್ಯಾಡ್ ಕೊಳ್ಳಲು ಹೋಗುವಾಗ ಹಳೆಯದನ್ನು ಕೈಯಲ್ಲಿ ತೆಗೆದುಕೊಂಡು ಹೋಗಿ. ಒಂದೇ ಹೆಸರಿನ ಕಾರಿನಲ್ಲೂ ವರ್ಷಕ್ಕೊಂದು ಬಗೆಯ ಕ್ಯಾಲಿಪರ್ ಬಂದಿರುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಹೆಸರಿಲ್ಲದ ಪೊಟ್ಟಣದ ಪ್ಯಾಡ್ ತರಬೇಡಿ, ಬ್ರೇಕಿನಲ್ಲಿ ಈ ಉಳಿತಾಯಕ್ಕೆ ನನ್ನ ಒಪ್ಪಿಗೆ ಇಲ್ಲವೇ ಇಲ್ಲ. ಒಂದೇ ಕಡೆ ಸವೆದಿದ್ದರೂ ಎರಡೂ ಕಡೆ ಹೊಸದು ಹಾಕಿ.

ಹಿಂದಿನ ಡ್ರಮ್

ಹಿಂದಿನ ಡ್ರಮ್ಮನ್ನು ವರ್ಷಗಟ್ಟಲೆ ಯಾರೂ ತೆರೆಯುವುದಿಲ್ಲ, ಹಳೆ ಗಾಡಿಯ ಅರ್ಧ ತೊಂದರೆ ಅಲ್ಲೇ ಕೂತಿರುತ್ತದೆ. ಕೆಲವು ಕಾರುಗಳಲ್ಲಿ ಡ್ರಮ್ ನೇರವಾಗಿ ಈಚೆ ಬರುತ್ತದೆ. ಕೆಲವದರಲ್ಲಿ ಬೇರಿಂಗ್ ಡ್ರಮ್ಮಿನೊಳಗೇ ಇದ್ದು, ನಡುವಿನ ಕ್ಯಾಪ್ ತೆಗೆದು ದೊಡ್ಡ ನಟ್ ಬಿಚ್ಚಬೇಕಾಗುತ್ತದೆ. ಆ ನಟ್ಟನ್ನು ಮತ್ತೆ ಕೈಪಿಡಿಯಲ್ಲಿ ಹೇಳಿದ ಬಿಗಿಗೇ ಕೂರಿಸಬೇಕು. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಈ ಭಾಗ ಮನೆಯಲ್ಲಿ ಬೇಡ. ಡ್ರಮ್ ಬಾರದೆ ಹಠ ಹಿಡಿದರೆ ಸುತ್ತಿಗೆಯಿಂದ ಅಂಚಿಗೆ ಹೊಡೆಯಬೇಡಿ, ಎರಕದ ಕಬ್ಬಿಣ ಒಡೆಯುತ್ತದೆ. ಡ್ರಮ್ಮಿನಲ್ಲಿ ಮರೆ (ಬೋಲ್ಟ್ ತಿರುಗಿ ಕೂರುವ ಥ್ರೆಡ್) ಇರುವ ಎರಡು ತೂತುಗಳಿದ್ದರೆ ಅದಕ್ಕೆ ಹೊಂದುವ ಬೋಲ್ಟುಗಳನ್ನು ಸಮನಾಗಿ ಬಿಗಿಸುತ್ತ ಹೋದರೆ ತಾನಾಗಿ ಹೊರಬರುತ್ತದೆ. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಬಿಚ್ಚಿ, ಸ್ಪ್ರಿಂಗ್ ಎಲ್ಲಿಗೆ ಎಂಬ ಗೊಂದಲ ಬಂದಾಗ ಜೋಡಿಸಿರುವ ಕಡೆ ನೋಡಬಹುದು. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದೂ ಒಳ್ಳೆಯದು.

ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಮುಚ್ಚಳವನ್ನು ನಾಜೂಕಾಗಿ ಎತ್ತಿ ನೋಡಿ. ಒಳಗೆ ಆಯಿಲ್ ನಿಂತಿದ್ದರೆ ಸಿಲಿಂಡರ್ ಹೋಗಿದೆ. ಆಯಿಲ್ ಅಥವಾ ಗ್ರೀಸ್ ಕುಡಿದ ಶೂ ಮತ್ತೆ ಬಳಕೆಗೆ ಬಾರದು. ಬೆಂಕಿ ತೋರಿಸಿ, ಉಜ್ಜಿ, ಅದನ್ನೇ ಹಾಕುವವರಿದ್ದಾರೆ. ಶೂ ಮೇಲಿನ ಉಜ್ಜುವ ಪದರವಾದ ಲೈನರಿನೊಳಗೆ ಇಳಿದ ಎಣ್ಣೆ ಕಾದಾಗ ಮತ್ತೆ ಮೇಲೆ ಬಂದೇ ಬರುತ್ತದೆ.

ಶೂ ಮತ್ತು ಡ್ರಮ್ಮಿನ ಅಂತರ ಸರಿಮಾಡುವ ಅಡ್ಜಸ್ಟರ್ ತುಕ್ಕು ಹಿಡಿದು ತಿರುಗದೆ ನಿಂತಿರುವುದೇ ಆಳದ ಪೆಡಲಿಗೆ ಮೂಲ. ಬಿಚ್ಚಿ, ಶುಚಿ ಮಾಡಿ, ಮರೆಗೆ ಸ್ವಲ್ಪ ಬ್ರೇಕ್ ಗ್ರೀಸ್ ಹಚ್ಚಿ ಕೈಯಲ್ಲಿ ತಿರುಗುವಂತೆ ಮಾಡಿ. ತಿರುಪಿನ ಅಡ್ಜಸ್ಟರ್ ಇರುವ ಗಾಡಿಗಳಲ್ಲಿ ಎಡ ಬಲದ ಮರೆ ಬೇರೆಬೇರೆ ದಿಕ್ಕಿಗಿರುವುದರಿಂದ ಅದಲು ಬದಲಾದರೆ ಬಿಗಿಯಾಗುವ ಬದಲು ಸಡಿಲವಾಗುತ್ತದೆ. ಶೂ ಒರಗುವ ಹಿಂದಿನ ತಟ್ಟೆಯ ಉಬ್ಬುಗಳಿಗೂ ಗ್ರೀಸಿನ ತೆಳು ಲೇಪ ಬೇಕು. ಡ್ರಮ್ ಹಾಕಿ ತಿರುಗಿಸಿದರೆ ಶೂ ಇಷ್ಟೇ ಇಷ್ಟು ತಾಗುವ ಸದ್ದು ಬರಬೇಕು.

ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಮಾಡುವುದು ಇದಾದ ಮೇಲೆಯೇ. ಸಡಿಲ ಶೂಗಳನ್ನು ಬಿಟ್ಟು ಕೇಬಲ್ ಎಳೆದು ಲಿವರ್ ಸರಿಮಾಡಿದರೆ ಹ್ಯಾಂಡ್ ಬ್ರೇಕ್ ಹಿಡಿದಂತೆ ಕಾಣುತ್ತದೆ, ಕಾಲಿನ ಬ್ರೇಕ್ ಮಾತ್ರ ಹಾಗೇ ಇರುತ್ತದೆ.

ಆಯಿಲ್ ಮತ್ತು ಗಾಳಿ

ಡಬ್ಬಿಯ ಮುಚ್ಚಳದಲ್ಲಿ ಡಾಟ್ 3 ಅಥವಾ ಡಾಟ್ 4 ಎಂದು ಬ್ರೇಕ್ ಆಯಿಲ್ಲಿನ ದರ್ಜೆ ಬರೆದಿರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇವು 230 ಮತ್ತು 155. ಮಲೆನಾಡು, ಕರಾವಳಿಯ ಮಳೆಗಾಲವನ್ನು ನೆನೆದರೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಹೆಚ್ಚೇನಲ್ಲ. ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯನ್ನು ಬಳಸಬೇಡಿ. ಸಿಲಿಕೋನಿನ ಡಾಟ್ 5 ಇವುಗಳ ಜೊತೆ ಬೆರೆಯುವುದಿಲ್ಲ. ಎಂಜಿನ್ ಆಯಿಲ್ ಅಂತೂ ಒಂದು ಚಮಚ ಬಿದ್ದರೂ ಇಡೀ ವ್ಯವಸ್ಥೆಯ ರಬ್ಬರ್ ಊದಿ ಹಾಳಾಗುತ್ತದೆ.

ನಿಪ್ಪಲ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಿಂಗ್ ಸ್ಪ್ಯಾನರನ್ನೇ ಬಳಸಿ. ಯಾವ ಗಾಲಿಯಿಂದ ಶುರು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಪಾರದರ್ಶಕ ಪೈಪಿನ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಸೀಟಿನಲ್ಲಿ ಕೂತವರಿಗೆ "ಒತ್ತಿ ಹಿಡಿ" ಎಂದು ಹೇಳಿ ನಿಪ್ಪಲ್ ತೆರೆಯಿರಿ, ಮುಚ್ಚಿದ ಮೇಲೆಯೇ "ಬಿಡು" ಎನ್ನಿ. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಡಬ್ಬಿ ಬರಿದಾಗದಂತೆ ನಡುನಡುವೆ ತುಂಬುತ್ತಿರಿ.

ಹಳೆ ಗಾಡಿಯಲ್ಲಿ ಪೆಡಲನ್ನು ತಳದವರೆಗೆ ಒತ್ತಿಸಬೇಡಿ. ಮಾಸ್ಟರ್ ಸಿಲಿಂಡರಿನ ಆ ಕೊನೆಯ ಭಾಗಕ್ಕೆ ರಬ್ಬರ್ ದಿನನಿತ್ಯ ಹೋಗಿರುವುದಿಲ್ಲ, ಅಲ್ಲಿ ತುಕ್ಕು, ಗಸಿ ಕೂತಿರುತ್ತದೆ, ರಬ್ಬರ್ ಅಲ್ಲಿಗೆ ಉಜ್ಜಿದರೆ ಹರಿಯುತ್ತದೆ. ನಿನ್ನೆಯವರೆಗೆ ಸರಿಯಿದ್ದ ಮಾಸ್ಟರ್ ಸಿಲಿಂಡರ್ ಬ್ಲೀಡ್ ಮಾಡಿದ ಮರುದಿನ ಕೈಕೊಡುವುದು ಹೀಗೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು.

ತೆಗೆದ ಆಯಿಲ್ಲನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ, ಚರಂಡಿಗೆ, ತೋಟಕ್ಕೆ, ಬಾವಿಯ ಹತ್ತಿರವೂ ಚೆಲ್ಲಬೇಡಿ. ಕಬ್ಬಿಣದ ಬ್ರೇಕ್ ಪೈಪ್ ತುಕ್ಕು ತಿಂದಿದ್ದರೆ, ಮಾಸ್ಟರ್ ಸಿಲಿಂಡರ್ ಸೋರುತ್ತಿದ್ದರೆ ಆ ಕೆಲಸ ಅನುಭವಿ ಮೆಕ್ಯಾನಿಕ್‌ನದು. ನೀವು ಕಂಡುಕೊಂಡದ್ದನ್ನೆಲ್ಲ ಅವರಿಗೆ ಹೇಳಿ, ಹಳೆ ಪ್ಯಾಡನ್ನೂ ತೋರಿಸಿ.

ರಸ್ತೆಗಿಳಿಸುವ ಮುನ್ನ

ಗಾಲಿ ಹಾಕಿ, ನಟ್‌ಗಳನ್ನು ಎದುರುಬದುರಾಗಿ ಬಿಗಿಸಿ, ಗಾಡಿ ಇಳಿಸಿದ ಮೇಲೆ ಪೂರ್ತಿ ಬಿಗಿ ಮಾಡಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಲೇ ಇರಿ. ಪಿಸ್ಟನ್ ಹಿಂದೆ ತಳ್ಳಿದ್ದರಿಂದ ಮೊದಲ ಒತ್ತು ನೇರ ತಳಕ್ಕೇ ಹೋಗುತ್ತದೆ. ಇದನ್ನು ಮರೆತು ಗೇರ್ ಹಾಕಿದರೆ ಗಾಡಿ ಎದುರಿನ ಗೋಡೆಗೇ ನಿಲ್ಲುವುದು.

ಮೊದಲ ಓಡಾಟ ಖಾಲಿ ರಸ್ತೆಯಲ್ಲಿ, ನಡಿಗೆಯ ವೇಗದಲ್ಲಿ. ನಂತರ 50 ಕಿ.ಮೀ. ವೇಗದಿಂದ 15ರ ಹತ್ತಿರಕ್ಕೆ ಹದವಾಗಿ ಇಳಿಸುತ್ತ, ನಡುವೆ ತಣಿಯಲು ಬಿಡುತ್ತ ಎಂಟು ಹತ್ತು ಸಲ ಬ್ರೇಕ್ ಹಾಕಿ. ಕಾದಿರುವಾಗ ಪೆಡಲ್ ಒತ್ತಿ ಹಿಡಿದು ನಿಲ್ಲಬೇಡಿ. ಶುರುವಿನಲ್ಲಿ ಸ್ವಲ್ಪ ವಾಸನೆ ಬಂದರೆ ಅದು ಹೊಸ ಪ್ಯಾಡಿನದು. ಮನೆಗೆ ಬಂದು ಮತ್ತೆ ನಾಲ್ಕೂ ಗಾಲಿಗಳ ಬಿಸಿ ಹೋಲಿಸಿ, ಎಡ ಬಲ ಒಂದೇ ತೆರನಾಗಿರಬೇಕು. ನೂರು ಕಿಲೋಮೀಟರ್ ಓಡಿದ ಮೇಲೆ ಗಾಲಿಯ ನಟ್ ಮತ್ತೊಮ್ಮೆ ಬಿಗಿಸಿ ನೋಡಿ. ವಾರದ ನಂತರ ಆಯಿಲ್ ಡಬ್ಬಿಯ ಮಟ್ಟ ನೋಡಿ, ಪ್ರತಿ ನಿಪ್ಪಲಿನ ಸುತ್ತ ಕಾಗದ ಒತ್ತಿ ಒದ್ದೆಯಾಗುತ್ತದೆಯೇ ಪರೀಕ್ಷಿಸಿ. ಇವೆಲ್ಲ ಸರಿಯಿದ್ದ ಮೇಲೆಯೇ ಘಾಟಿ ದಾರಿಗೆ ಗಾಡಿ ತೆಗೆಯಿರಿ.